1964ರ ಹಾಯಿದೋಣಿಗೆ ಹೊಸ ಡೆಕ್ ತಿರುಳು

ಮಳೆ ನಿಂತು ಮೂರು ದಿನವಾಗಿತ್ತು. ದೋಣಿಯ ಡೆಕ್, ಅಂದರೆ ಮೇಲೆ ಓಡಾಡುವ ನೆಲ, ಪೂರ್ತಿ ಒಣಗಿತ್ತು. ಆದರೂ ಬಲಗಡೆ, ಕ್ಯಾಬಿನ್ ಪಕ್ಕದ ಓಡಾಡುವ ಜಾಗದಲ್ಲಿ ಕಾಲಿಟ್ಟಾಗ ಅಂಚಿನ ತಡೆಹಗ್ಗ ಹಿಡಿಯುವ ಸ್ಟ್ಯಾಂಚನ್ ಕಂಬಿಯ ಬುಡದಿಂದ ಕಂದು ನೀರು ಜಿನುಗಿತು. ಕಾಲು ಎತ್ತಿದೆ, ನೀರು ಒಳಗೆ ಹೋಯಿತು. ಮತ್ತೆ ಇಟ್ಟೆ, ಮತ್ತೆ ಬಂತು. ಚಹಾ ಡಿಕಾಕ್ಷನ್ ಬಣ್ಣ. ಹೆಜ್ಜೆಯ ಕೆಳಗೆ ಡೆಕ್ ಎರಡು ಮೂರು ಮಿಲಿಮೀಟರ್ ಇಳಿಯುತ್ತಿದ್ದದ್ದು ಮೊದಲೇ ಗೊತ್ತಿತ್ತು. ಹಳೇ ದೋಣಿ, ಇರಲಿ ಅಂತ ಎರಡು ವರ್ಷ ಮುಂದೆ ಹಾಕಿದ್ದೆ. ಆ ನೀರು ನೋಡಿದ ಮೇಲೆ ಇನ್ನು ಮುಂದೆ ಹಾಕಲು ಆಗಲಿಲ್ಲ. ಅದು ಒಳಗಿನ ಮರ ಕೊಳೆತ ನೀರು.

ದೋಣಿ 1964ರ ಪಿಯರ್ಸನ್ ಟ್ರೈಟನ್. ಉದ್ದ 28 ಅಡಿ 6 ಇಂಚು. ಕಾರ್ಲ್ ಆಲ್ಬರ್ಗ್ ಮಾಡಿದ ವಿನ್ಯಾಸ. ರೋಡ್ ಐಲೆಂಡಿನ ಬ್ರಿಸ್ಟಲ್ ಊರಿನಲ್ಲಿ ಕ್ಲಿಂಟನ್ ಮತ್ತು ಎವರೆಟ್ ಪಿಯರ್ಸನ್ ಕಟ್ಟಿ, 1959ರ ನ್ಯೂಯಾರ್ಕ್ ಬೋಟ್ ಶೋನಲ್ಲಿ ಇದನ್ನು ಜನರ ಮುಂದೆ ತಂದರು. ಫೈಬರ್‌ಗ್ಲಾಸ್ ದೋಣಿಗಳನ್ನು ಮಧ್ಯಮ ವರ್ಗದ ಮನೆಗೆ ತಂದ ಮೊದಲ ದೋಣಿಗಳಲ್ಲಿ ಇದೂ ಒಂದು. ನಾನು ಗಂಗೊಳ್ಳಿಯವನು. ಈಗ ಇರುವುದು ಮೇರಿಲ್ಯಾಂಡಿನ ಅನಾಪೊಲಿಸ್ ಹತ್ತಿರ, ಚೆಸಪೀಕ್ ಕೊಲ್ಲಿಯ ದಡದಲ್ಲಿ. 2021ರಲ್ಲಿ ಕಡಿಮೆ ಬೆಲೆಗೆ ಈ ದೋಣಿ ಸಿಕ್ಕಿತು. ಇದರ ಹಲ್, ಅಂದರೆ ದೋಣಿಯ ಒಡಲು, ಗಟ್ಟಿ ಫೈಬರ್‌ಗ್ಲಾಸ್. ಆ ಕಾಲದಲ್ಲಿ ದಪ್ಪ ದಪ್ಪವಾಗಿ ಹಾಕುತ್ತಿದ್ದರು. ಹಲ್ ಬಗ್ಗೆ ನನಗೆ ಚಿಂತೆ ಇಲ್ಲ. ಡೆಕ್ ಕಥೆ ಬೇರೆ.

ಡೆಕ್ ಒಂದೇ ಗಟ್ಟಿ ಹಲಗೆ ಅಲ್ಲ. ಮೇಲೊಂದು ಫೈಬರ್ ಹೊದಿಕೆ, ಕೆಳಗೊಂದು ಫೈಬರ್ ಹೊದಿಕೆ, ನಡುವೆ ಅರ್ಧ ಇಂಚು ಬಾಲ್ಸಾ ಎಂಬ ತೀರಾ ಹಗುರ ಮರದ ತಿರುಳು. ಒಂದು ನೋಟ್‌ಬುಕ್ ಬಗ್ಗಿಸಿ ನೋಡಿ, ಹಾಳೆಗಳು ಒಂದರ ಮೇಲೊಂದು ಜಾರುತ್ತವೆ, ಸುಲಭವಾಗಿ ಬಗ್ಗುತ್ತದೆ. ಅದೇ ಹಾಳೆಗಳನ್ನೆಲ್ಲ ಅಂಟಿಸಿಬಿಟ್ಟರೆ ಹಲಗೆಯ ಹಾಗೆ ನಿಲ್ಲುತ್ತದೆ. ಡೆಕ್‌ನಲ್ಲಿ ತಿರುಳಿನ ಕೆಲಸ ಇಷ್ಟೇ: ಎರಡು ಹೊದಿಕೆಗಳನ್ನು ದೂರ ಇಟ್ಟು, ಜಾರದ ಹಾಗೆ ಹಿಡಿದುಕೊಳ್ಳುವುದು. ಅಂಟು ಬಿಟ್ಟರೆ ಎರಡು ತೆಳು ಹಾಳೆ ಮಾತ್ರ ಉಳಿಯುತ್ತವೆ.

ಬಾಲ್ಸಾವನ್ನು ಉದ್ದಕ್ಕೆ ಸೀಳಿ ಹಾಕುವುದಿಲ್ಲ. ಕಾಂಡವನ್ನು ಅಡ್ಡಡ್ಡ ಕೊಯ್ದು, ನಾರು ನೆಟ್ಟಗೆ ಮೇಲೆ ಕೆಳಗೆ ನಿಲ್ಲುವಂತೆ ಚಿಕ್ಕ ಚಿಕ್ಕ ಚೌಕಗಳಾಗಿ ಜೋಡಿಸುತ್ತಾರೆ. ಇದಕ್ಕೆ ಕಾರಣ ಇದೆ. ಮರದಲ್ಲಿ ನೀರು ನಾರಿನ ಗುಂಟ ಬೇಗ ಓಡುತ್ತದೆ, ಅಡ್ಡಕ್ಕೆ ನಿಧಾನ. ಹಾಗಾಗಿ ಒಂದು ಕಡೆ ನೀರು ಹೊಕ್ಕರೂ ಅಕ್ಕಪಕ್ಕಕ್ಕೆ ಬೇಗ ಹರಡಬಾರದು. ಆದರೆ ಚೌಕ ಮತ್ತು ಚೌಕದ ನಡುವೆ ಸಂದು ಇದೆಯಲ್ಲ, ಅದು ತುಂಬಿರದಿದ್ದರೆ ಕಾಲುವೆಯ ಹಾಗೆ ಕೆಲಸ ಮಾಡುತ್ತದೆ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿ ಅಂಟನ್ನು ಇನ್ನಷ್ಟು ಬಿಡಿಸುತ್ತದೆ. ನನ್ನ ದೋಣಿ ಅಂಥ ಸುಮಾರು 60 ಚಳಿಗಾಲ ಕಂಡಿದೆ.

2023ರ ಮಾರ್ಚ್ ಎರಡನೇ ವಾರ ಕೆಲಸ ಶುರು ಮಾಡಿದೆ. ದೋಣಿ ಯಾರ್ಡ್‌ನಲ್ಲಿ ಸ್ಟ್ಯಾಂಡ್ ಮೇಲೆ ನಿಂತಿತ್ತು. ಮಾಸ್ಟ್, ಅಂದರೆ ಹಾಯಿ ಕಂಬ, ಇಳಿಸಿದ್ದೆವು. ಈ ದೋಣಿಯಲ್ಲಿ ಮಾಸ್ಟ್ ಕೆಳಗೆ ದೋಣಿಯ ತಳದ ಕೀಲ್ ತನಕ ಹೋಗುವುದಿಲ್ಲ, ಕ್ಯಾಬಿನ್ ಮಾಡಿನ ಮೇಲೇ ನಿಲ್ಲುತ್ತದೆ. ಅಲ್ಲಿ ಮೆತ್ತಗಾಗಿದ್ದರೆ ಮೊದಲು ಅದನ್ನೇ ನೋಡಬೇಕು. ಮಾಸ್ಟ್ ಕೆಳಗಿನ ತೊಲೆಯನ್ನು ಕ್ಯಾಬಿನ್ ಒಳಗಿನಿಂದ ಉಳಿ ತುದಿಯಿಂದ ಚುಚ್ಚಿ ನೋಡಿದೆ. ಗಟ್ಟಿಯಾಗಿತ್ತು. ಆಮೇಲೆ ಸಮಾಧಾನದಿಂದ ಡೆಕ್ ಕಡೆ ಬಂದೆ.

ಪರೀಕ್ಷೆಗೆ ದೊಡ್ಡ ಸಾಮಾನು ಬೇಡ. ಸ್ಕ್ರೂಡ್ರೈವರ್‌ನ ಪ್ಲಾಸ್ಟಿಕ್ ಹಿಡಿ ಸಾಕು. ಎರಡೆರಡು ಇಂಚಿಗೆ ತಟ್ಟುತ್ತಾ ಹೋಗುವುದು. ಚೆನ್ನಾಗಿರುವ ಕಡೆ ಟಣ್ ಎನ್ನುತ್ತದೆ, ಕೈಗೆ ಪುಟಿಯುತ್ತದೆ. ಕೆಟ್ಟ ಕಡೆ ದಬ್ ದಬ್. ಆಗ ಅಮ್ಮ ಊರಿಂದ ಬಂದಿದ್ದರು. ಒಂದು ಬಿಸಿಲಿನ ಶನಿವಾರ ಅವರನ್ನೂ ಏಣಿ ಹತ್ತಿಸಿ ಮೇಲೆ ಕೂರಿಸಿದೆ. ಸ್ವಲ್ಪ ಹೊತ್ತು ನಾನು ತಟ್ಟುವುದನ್ನು ಕೇಳಿದರು. ಆಮೇಲೆ ತಾವೇ ಬಗ್ಗಿ ಬೆರಳ ಗಂಟಿನಿಂದ ತಟ್ಟಿ, "ಇಲ್ಲ್ ಹಣ್ಣಾಯಿತ್ ಕಾಣ್ ಮಗಾ" ಅಂದರು. ಹಲಸಿನ ಹಣ್ಣು ತಟ್ಟಿ ನೋಡುವ ಕೈ ಅದು. ನನಗಿಂತ ಅವರ ಕಿವಿ ಚುರುಕು. ಎಲ್ಲಿ ಶಬ್ದ ಬದಲಾಗುತ್ತದೋ ಅಲ್ಲಿ ನಿಲ್ಲು ಎನ್ನುತ್ತಿದ್ದರು, ನಾನು ನೀಲಿ ಟೇಪ್ ಅಂಟಿಸುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಡೆಕ್ ಮೇಲೆ ಒಂದು ನಕ್ಷೆ ಮೂಡಿತ್ತು. ಬಲಗಡೆ ಸುಮಾರು 5 ಅಡಿ ಉದ್ದ, 1 ಅಡಿಗೆ ಸ್ವಲ್ಪ ಕಡಿಮೆ ಅಗಲ. ಮುಂದಿನ ಡೆಕ್‌ನಲ್ಲಿ ಹಗ್ಗ ಕಟ್ಟುವ ಕ್ಲೀಟ್ ಸುತ್ತ ಇನ್ನೊಂದು ತುಂಡು, ಎರಡು ಅಡಿಗೆ ಎರಡೂವರೆ ಅಡಿ.

ಶಬ್ದ ಒಂದನ್ನೇ ನಂಬಬಾರದು. ಅಂಟು ಬಿಟ್ಟಿರದ ಮರವೂ ಒದ್ದೆಯಾಗಿರಬಹುದು, ಅದು ತಟ್ಟಿದರೆ ಗೊತ್ತಾಗುವುದಿಲ್ಲ. ಅದಕ್ಕೆ ಟೇಪಿನ ಗೆರೆಯ ಆಚೆ ಈಚೆ ಸಣ್ಣ ತೂತು ಕೊರೆದೆ. ಮೇಲಿನ ಹೊದಿಕೆ ದಾಟಿ ತಿರುಳು ಮುಟ್ಟುವಷ್ಟು ಮಾತ್ರ. ಬಿಟ್‌ಗೆ ಅಂಟಿಕೊಂಡು ಬರುವ ಪುಡಿ ನೋಡಬೇಕು. ಬಿಳಿ ಒಣ ಪುಡಿ ಬಂದರೆ ಒಳ್ಳೆಯದು. ಕಂದು, ಒದ್ದೆ, ಕಾಫಿ ಚರಟದಂಥದ್ದು ಬಂದರೆ ಕೆಟ್ಟದ್ದು. ಹೀಗೆ ನೋಡಿದಾಗ ಬಲಗಡೆಯ ಜಾಗ ಮುಂದಕ್ಕೆ ಇನ್ನೂ ಒಂದು ಅಡಿ ಬೆಳೆಯಿತು.

ಇಲ್ಲಿ ನನಗೆ ಊರಿನ ಮನೆ ನೆನಪಾಯಿತು. ನಮ್ಮದು ಹಂಚಿನ ಮಾಡು. ಮಳೆಗಾಲದಲ್ಲಿ ಚಾವಡಿಯಲ್ಲಿ ಒಂದು ಕಡೆ ತೊಟ್ಟಿಕ್ಕುತ್ತಿತ್ತು. ಅಪ್ಪ ಆ ಜಾಗದ ಮೇಲಿನ ಹಂಚು ಮುಟ್ಟುತ್ತಲೇ ಇರಲಿಲ್ಲ. ಪಕ್ಕಾಸಿನ ಗುಂಟ ಕಣ್ಣು ಮೇಲಕ್ಕೆ ಒಯ್ದು, ಮೂರು ನಾಲ್ಕು ಸಾಲು ಮೇಲೆ ಒಡೆದ ಹಂಚು ಹುಡುಕುತ್ತಿದ್ದರು. ನೀರು ಬೀಳುವ ಜಾಗ ಒಂದು, ಒಳಗೆ ಬರುವ ಜಾಗ ಇನ್ನೊಂದು. ಡೆಕ್ ಕೂಡ ಹಾಗೇ. ದೋಣಿಯ ಅಂಚು ಮುಂದೆ ಎತ್ತರ, ನಡುಭಾಗದಿಂದ ಸ್ವಲ್ಪ ಹಿಂದೆ ತಗ್ಗು. ಮುಂದೆ ಹೊಕ್ಕ ನೀರು ಸಂದುಗಳಲ್ಲಿ ಹರಿದು ತಗ್ಗಿಗೆ ಬಂದು ನಿಲ್ಲುತ್ತದೆ. ಕಂದು ನೀರು ಜಿನುಗಿದ ಸ್ಟ್ಯಾಂಚನ್ ನೀರು ಹೊರಗೆ ಬರುವ ಬಾಗಿಲು ಮಾತ್ರ. ಒಳಗೆ ಬಂದದ್ದು ಅದರ ಮುಂದಿನ ಸ್ಟ್ಯಾಂಚನ್‌ನಿಂದ, 6 ಅಡಿ ದೂರದಿಂದ. ಅದನ್ನು ಬಿಚ್ಚಿದಾಗ ಕಂಡಿತು. ಬೋಲ್ಟ್ ತೂತಿನ ಗೋಡೆಯಲ್ಲಿ ಬಾಲ್ಸಾ ಬರಿದಾಗಿತ್ತು, ಮೇಲೆ ಗಟ್ಟಿಯಾಗಿ ಸುಲಿದುಬಂದ ಸಿಲಿಕೋನ್ ಪೊರೆ ಒಂದೇ ಅದನ್ನು ಕಾಯುತ್ತಿತ್ತು.

ಡೆಕ್ ಕೊಯ್ಯದೆ ಮುಗಿಸುವ ದಾರಿ ಒಂದಿದೆ ಅಂತ ಎಲ್ಲರೂ ಹೇಳುತ್ತಾರೆ. ಮೇಲಿನಿಂದ ನೂರಾರು ತೂತು ಕೊರೆದು ಸಿರಿಂಜಿನಲ್ಲಿ ಎಪಾಕ್ಸಿ, ಅಂದರೆ ಎರಡು ದ್ರವ ಕಲಸಿ ಮಾಡುವ ಗಟ್ಟಿ ಅಂಟು, ತುಂಬುವುದು. ನನಗೂ ಆಸೆಯಾಗಿತ್ತು. ಆದರೆ ತೂತಿನಿಂದ ಒಳಗಿನ ಒದ್ದೆ ಮರ ಒಣಗುವುದಿಲ್ಲ. ಒದ್ದೆ ಮರಕ್ಕೆ ಎಪಾಕ್ಸಿ ಹಿಡಿಯುವುದಿಲ್ಲ. ಮೊದಲಿನ ಮಾಲೀಕರಲ್ಲಿ ಯಾರೋ ಮುಂದಿನ ಡೆಕ್‌ನಲ್ಲಿ ಇದನ್ನೇ ಮಾಡಿದ್ದರು. ಅಲ್ಲಿ ಹೊದಿಕೆ ಎತ್ತಿದಾಗ ಕೊಳೆತ ಮರದ ನಡುವೆ ಗೋಲಿಯ ಹಾಗೆ ಎಪಾಕ್ಸಿ ಉಂಡೆಗಳು ಬಿದ್ದಿದ್ದವು. ಒಂದೂ ಮೇಲಿನ ಹೊದಿಕೆಗೆ ಅಂಟಿರಲಿಲ್ಲ. ಮರ ಒಣಗಿದ್ದು, ಅಂಟು ಮಾತ್ರ ಬಿಟ್ಟಿದ್ದರೆ ಆ ಉಪಾಯ ಸರಿ. ಕೊಳೆತಿದ್ದರೆ ಕೊಯ್ಯಲೇಬೇಕು.

ಕೆಳಗಿನಿಂದ, ಕ್ಯಾಬಿನ್ ಒಳಗಿನಿಂದ ಕೊಯ್ದರೆ ಮೇಲೆ ಬಣ್ಣ ಹಾಳಾಗುವುದಿಲ್ಲ. ಆದರೆ ಅಂಟು, ಮರ, ಗಾಜಿನ ನಾರಿನ ಬಟ್ಟೆ ಎಲ್ಲವನ್ನೂ ತಲೆ ಮೇಲೆ ಎತ್ತಿ ಹಿಡಿಯಬೇಕು. ನಾನು ಮೇಲಿನಿಂದಲೇ ಕೊಯ್ದೆ. ಸರ್ಕ್ಯುಲರ್ ಸಾಗೆ ಕಾರ್ಬೈಡ್ ಬ್ಲೇಡ್ ಹಾಕಿ, ಆಳವನ್ನು 5 ಮಿಲಿಮೀಟರಿಗೆ ಕಟ್ಟಿದೆ. ಮೇಲಿನ ಹೊದಿಕೆ 4 ಮಿಲಿಮೀಟರ್ ಇತ್ತು. ಮೂಲೆಗಳನ್ನು ಮಲ್ಟಿಟೂಲ್‌ನಲ್ಲಿ ಗುಂಡಗೆ ಕೊಯ್ದೆ, ಚೂಪು ಮೂಲೆಯಿಂದ ಮುಂದೆ ಬಿರುಕು ಶುರುವಾಗುತ್ತದೆ. ಅಂಚಿನ ಏರಿನಿಂದ, ಕ್ಯಾಬಿನ್ ಗೋಡೆಯಿಂದ ಎರಡೆರಡು ಇಂಚು ಬಿಟ್ಟೆ, ಆಮೇಲೆ ಬಟ್ಟೆ ಹಾಸಲು ಸಮತಟ್ಟು ಜಾಗ ಬೇಕಲ್ಲ. ಒಂದು ಮೂಲೆಯಲ್ಲಿ ನನ್ನ ಕೈ ವಾಲಿ ಮಲ್ಟಿಟೂಲ್ ಬ್ಲೇಡ್ ಕೆಳ ಹೊದಿಕೆಯನ್ನೂ ದಾಟಿತು. ಕ್ಯಾಬಿನ್ ಒಳಗೆ ಹೋಗಿ ನೋಡಿದರೆ ಬೆಳಕಿನ ಗೆರೆ. ಮನಸ್ಸಿಗೆ ಬೇಸರವಾಯಿತು. ಮೊದಲು ಅದಕ್ಕೆ ಕೆಳಗಿನಿಂದ ಬಟ್ಟೆ ಪಟ್ಟಿ ಹಾಕಿ ಮುಚ್ಚಿದೆ, ಆಮೇಲೆ ಮುಂದಿನ ಕೆಲಸ.

ಕೊಳೆತ ಕಡೆ ಹೊದಿಕೆ ಕೈಯಲ್ಲೇ ಎದ್ದು ಬಂತು. ಅದರ ಅಡಿಯಲ್ಲಿ ಕಪ್ಪು ಕೆಸರು, ಹುಳಿ ವಾಸನೆ. ಪುಟ್ಟಿ ಚಾಕುವಿನಲ್ಲಿ ಬಾಚಿ ಬಕೆಟ್ ತುಂಬಿದೆ. ಅರ್ಧ ಗಂಟೆಯ ಕೆಲಸ. ಆಮೇಲಿನ ಅಂಚು ಎರಡು ದಿನ ತಿಂದಿತು. ಚೆನ್ನಾಗಿರುವ ಬಾಲ್ಸಾ ಹೊದಿಕೆಯನ್ನು ಬಿಡುವುದೇ ಇಲ್ಲ, ಅದನ್ನು ಉಳಿಯಿಂದ ಎಬ್ಬಿಸಬೇಕು. ಕಷ್ಟವಾದರೂ ಅದನ್ನು ಕಂಡಾಗ ಖುಷಿ, ಯಾಕೆಂದರೆ ಒಣ ಮರ ಸಿಕ್ಕಿತು ಎಂದರೆ ಕೊಳೆತ ಮುಗಿಯಿತು. ಕೊಯ್ದ ಗೆರೆಯ ಅಡಿಗೆ ಹೋಗಿದ್ದ ಒದ್ದೆ ಮರವನ್ನು ಬಾಗಿದ ಅಲೆನ್ ಕೀ ಡ್ರಿಲ್‌ಗೆ ಸಿಕ್ಕಿಸಿ ಕೆರೆದು ತೆಗೆದೆ. ಅಲ್ಲಿ ಉದಾಸೀನ ಮಾಡಬಾರದು. ಬಿಟ್ಟ ಒಂದು ಇಂಚು ಒದ್ದೆ ಮರ ಹೊಸ ಮರವನ್ನೂ ಕೆಡಿಸುತ್ತದೆ. ಆಮೇಲೆ 40 ನಂಬರ್ ಡಿಸ್ಕ್ ಹಾಕಿ ಕೆಳ ಹೊದಿಕೆಯನ್ನು ಉಜ್ಜಿದೆ, ಹಳೆಯ ಹೊದಿಕೆಯ ಹಿಂಬದಿಯನ್ನೂ.

ಈ ಹಂತದಲ್ಲಿ ಮೈಗೆ ಟೈವೆಕ್ ಮೇಲುಡುಪು, ಮುಖಕ್ಕೆ ಸಣ್ಣ ಧೂಳು ತಡೆಯುವ ಪಿ100 ಮಾಸ್ಕ್ ಇಲ್ಲದೆ ಹತ್ತಬೇಡಿ. ಫೈಬರ್ ಧೂಳು ಚರ್ಮಕ್ಕೆ ಹೊಕ್ಕರೆ ತುರಿಕೆ, ಒಳಗೆ ಹೋದರೆ ಇನ್ನೂ ಕೆಟ್ಟದ್ದು. ಎಪಾಕ್ಸಿಗೂ ಅಷ್ಟೇ, ಬರಿ ಕೈಯಲ್ಲಿ ಮುಟ್ಟುತ್ತಿದ್ದರೆ ಒಂದು ದಿನ ಮೈ ಒಗ್ಗುವುದನ್ನೇ ನಿಲ್ಲಿಸುತ್ತದೆ. ಆ ಅಲರ್ಜಿ ಬಂದರೆ ಹೋಗುವುದಿಲ್ಲ.

ಹತ್ತು ದಿನ ಟಾರ್ಪಾಲಿನ್ ಅಡಿಯಲ್ಲಿ ಫ್ಯಾನ್, ಸಣ್ಣ ಹೀಟರ್ ಇಟ್ಟು ಒಣಗಿಸಿದೆ. ಪಕ್ಕದ ದೋಣಿಯ ವಯಸ್ಸಾದ ಬಡಗಿಯೊಬ್ಬರು ದಿನಾ ಬಂದು ನೋಡುತ್ತಿದ್ದರು. ಅಂಟು ಕಲಸಲು ನಾನು ಆತುರಪಟ್ಟಾಗಲೆಲ್ಲ ನಾಳೆ ನೋಡೋಣ ಎನ್ನುತ್ತಿದ್ದರು. ಅವರೇ ಇನ್ನೊಂದು ಮಾತು ಹೇಳಿ ನನ್ನನ್ನು ಉಳಿಸಿದರು: ಕೆಳ ಹೊದಿಕೆಗೆ ಈಗ ಆಸರೆ ಇಲ್ಲ, ಅದು ಜೋತು ಬೀಳುತ್ತದೆ. ಡೆಕ್‌ಗೆ ಒಂದು ಸಣ್ಣ ಉಬ್ಬು ಇರುತ್ತದೆ, ನೀರು ಇಳಿದು ಹೋಗಲಿ ಅಂತ. ಜೋತ ಹೊದಿಕೆಯ ಮೇಲೆ ತಿರುಳು ಅಂಟಿಸಿದರೆ ಆ ತಗ್ಗು ಶಾಶ್ವತ, ನೀರು ಅಲ್ಲೇ ನಿಲ್ಲುತ್ತದೆ. ಕ್ಯಾಬಿನ್ ಒಳಗೆ ಹಲಗೆ ಇಟ್ಟು, ನೆಲದಿಂದ ಮರದ ಕೋಲು ಕೊಟ್ಟು ಎತ್ತಿದೆ. ಮೇಲೆ ಉದ್ದದ ಪಟ್ಟಿ ಇಟ್ಟು ಎಡಗಡೆ ಡೆಕ್ ಜೊತೆ ಹೋಲಿಸಿ ನೋಡಿದೆ.

ಎಪಾಕ್ಸಿಗೆ ವೆಸ್ಟ್ ಸಿಸ್ಟಮ್ ತಗೊಂಡೆ. ಮಿಶಿಗನ್‌ನ ಬೇ ಸಿಟಿಯಲ್ಲಿ ಗೂಜನ್ ಸಹೋದರರು ಶುರು ಮಾಡಿದ್ದು, ದೋಣಿಯವರಿಗೆ ಮನೆಮಾತು. 105 ನಂಬರಿನ ರೆಸಿನ್‌ಗೆ ಅದನ್ನು ಗಟ್ಟಿ ಮಾಡುವ 205 ಅಥವಾ 206 ನಂಬರಿನ ಹಾರ್ಡ್ನರ್, ಅಳತೆ 5ಕ್ಕೆ 1. 205 ಬೇಗ ಗಟ್ಟಿಯಾಗುತ್ತದೆ, 4 ಡಿಗ್ರಿ ಸೆಲ್ಸಿಯಸ್ ತನಕ ಕೆಲಸ ಮಾಡುತ್ತದೆ. 206 ನಿಧಾನ, ಅದಕ್ಕೆ 16 ಡಿಗ್ರಿಯಾದರೂ ಬೇಕು. ಏಪ್ರಿಲ್ ಮೊದಲ ವಾರ ಬೆಳಿಗ್ಗೆ ಚಳಿ ಇತ್ತು, 205 ಕಲಸಿದೆ. ಮಧ್ಯಾಹ್ನ ಬಿಸಿಲೇರಿ 22 ಡಿಗ್ರಿಯಾಯಿತು, ನಾನು ಗಮನಿಸಲಿಲ್ಲ. ದೊಡ್ಡ ಡಬ್ಬಿಯಲ್ಲಿ ಒಂದೇ ಸಲ ಜಾಸ್ತಿ ಕಲಸಿದ್ದೆ. ಎಪಾಕ್ಸಿ ಗಟ್ಟಿಯಾಗುವಾಗ ಶಾಖ ಬರುತ್ತದೆ, ಗುಡ್ಡೆಯಾಗಿ ಇದ್ದರೆ ಆ ಶಾಖಕ್ಕೆ ಹೋಗಲು ದಾರಿ ಇಲ್ಲ, ಇನ್ನಷ್ಟು ಬೇಗ ಗಟ್ಟಿಯಾಗುತ್ತದೆ. ಹತ್ತು ನಿಮಿಷದಲ್ಲಿ ಡಬ್ಬಿ ಹೊಗೆಯಾಡಿತು, ಪ್ಲಾಸ್ಟಿಕ್ ಕರಗಿತು. ಯಾರ್ಡ್‌ನ ಜಲ್ಲಿಯ ಮೇಲೆ ದೂರ ಇಟ್ಟು ತಣಿಯಲು ಬಿಟ್ಟೆ. ಅಲ್ಲಿಂದ ಮುಂದೆ ಸ್ವಲ್ಪ ಸ್ವಲ್ಪವೇ ಕಲಸಿ, ತಕ್ಷಣ ಅಗಲದ ಟ್ರೇಗೆ ಸುರಿಯುವುದು ಅಭ್ಯಾಸವಾಯಿತು.

ಹೊಸ ತಿರುಳಿಗೂ ಬಾಲ್ಸಾನೇ ಆರಿಸಿದೆ. ಫೋಮ್ ಕೊಳೆಯುವುದಿಲ್ಲ, ನಿಜ. ಆದರೆ ಒತ್ತಡಕ್ಕೆ ಬಾಲ್ಸಾ ಗಟ್ಟಿ, ಸುತ್ತಲಿನ ಹಳೆಯ ಡೆಕ್ ಜೊತೆ ಒಂದೇ ಥರ ನಡೆದುಕೊಳ್ಳುತ್ತದೆ. ಮುಖ್ಯವಾಗಿ, ಬಾಲ್ಸಾ ಕೊಳೆತದ್ದು ಬಾಲ್ಸಾದ ತಪ್ಪಲ್ಲ. ನೀರು ಬಿಟ್ಟದ್ದು ತೂತು.

ಕಂದು ಕಾಗದದಲ್ಲಿ ಅಚ್ಚು ಕತ್ತರಿಸಿ, ಒಣಗಿದ್ದಾಗಲೇ ಎಲ್ಲ ತುಂಡುಗಳನ್ನೂ ಜೋಡಿಸಿ ನಂಬರ್ ಹಾಕಿದೆ. ಮೊದಲು ಬರೀ ಎಪಾಕ್ಸಿಯನ್ನು ಕೆಳ ಹೊದಿಕೆಗೆ, ಬಾಲ್ಸಾದ ಎರಡೂ ಮುಖಕ್ಕೆ ಬಳಿದೆ. ಬಾಲ್ಸಾ ಬಾಯಾರಿದ ನೆಲದ ಹಾಗೆ ಕುಡಿಯುತ್ತದೆ, ಹೊಳಪು ಹೋದ ಕಡೆ ಮತ್ತೆ ಬಳಿಯಬೇಕು. ಇಲ್ಲದಿದ್ದರೆ ಆಮೇಲೆ ಹಾಕುವ ಅಂಟನ್ನೇ ಹೀರಿ ಸಂದು ಒಣಗಿಸಿಬಿಡುತ್ತದೆ. ಆಮೇಲೆ ಸಿಲಿಕಾ ಪುಡಿ ಸೇರಿಸಿ ಬಜ್ಜಿ ಹಿಟ್ಟಿನ ಹದಕ್ಕೆ ಕಲಸಿ, ಹಲ್ಲಿನ ಕರಣೆಯಲ್ಲಿ ಹರಡಿ, ತುಂಡುಗಳನ್ನು ಒತ್ತಿ ಕೂರಿಸಿದೆ. ಪ್ರತಿ ಚೌಕದ ಸುತ್ತಲಿನ ಸಂದಿಗೂ ಅಂಟು ತುಂಬಿಸಿದೆ. ಇದು ಬೇಸರದ ಕೆಲಸ, ಆದರೆ ನೀರು 6 ಅಡಿ ಓಡಿದ್ದು ಆ ಸಂದಿಯಲ್ಲೇ ಅಲ್ವಾ? ಈಗ ಒಂದು ಚೌಕಕ್ಕೆ ನೀರು ಹೊಕ್ಕರೂ ಪಕ್ಕದ್ದಕ್ಕೆ ದಾರಿ ಇಲ್ಲ. ಸ್ಟ್ಯಾಂಚನ್ ಬುಡ ಮತ್ತು ಕ್ಲೀಟ್ ಬರುವ ಕಡೆ ಬಾಲ್ಸಾ ಹಾಕಲೇ ಇಲ್ಲ. ಅಲ್ಲಿ ಅರ್ಧ ಇಂಚಿನ ಜಿ10 ಹಲಗೆ, ಅಂದರೆ ಗಾಜಿನ ನಾರು ಮತ್ತು ಎಪಾಕ್ಸಿ ಒತ್ತಿ ಮಾಡಿದ ಗಟ್ಟಿ ಹಲಗೆ. ಬೋಲ್ಟ್ ಬಿಗಿದರೂ ಹಿಚುಕುವುದಿಲ್ಲ, ನೀರು ಕುಡಿಯುವುದಿಲ್ಲ.

ಅದೇ ದಿನ ಹಳೆಯ ಹೊದಿಕೆಯನ್ನೂ ಅದರ ಮೇಲೆ ವಾಪಸ್ ಕೂರಿಸಿದೆ. ಪ್ಲಾಸ್ಟಿಕ್ ಹಾಸಿ ಮೇಲೆ 50 ಪೌಂಡಿನ ಮರಳು ಚೀಲಗಳು. ಬಲಗಡೆ ಎಂಟು, ಮುಂದೆ ಆರು. ಸುತ್ತಲೂ ಸಂದಿಯಿಂದ ಅಂಟು ಒಂದೇ ಸಮ ಹೊರಗೆ ಬಂದರೆ ಒಳಗೆ ಟೊಳ್ಳಿಲ್ಲ ಅಂತ ಅರ್ಥ. ಮರುದಿನ ಚೀಲ ತೆಗೆದು ತಟ್ಟಿದೆ. ಟಣ್.

ಕೊಯ್ದ ಗೆರೆಯನ್ನು ಸುಮ್ನೆ ಪುಟ್ಟಿ ತುಂಬಿ ಮುಚ್ಚಬಾರದು. ಹೊದಿಕೆಯ ಶಕ್ತಿ ಅದರ ನಾರಿನಲ್ಲಿದೆ, ನಾವು ಆ ನಾರನ್ನೇ ಕೊಯ್ದಿದ್ದೇವೆ. ಗೆರೆಯ ಎರಡೂ ಕಡೆ ಇಳಿಜಾರಾಗಿ ಗ್ರೈಂಡ್ ಮಾಡಬೇಕು, ದಪ್ಪದ 12 ಪಟ್ಟು ಅಗಲ. ನನ್ನ 4 ಮಿಲಿಮೀಟರಿಗೆ ಒಂದೊಂದು ಕಡೆ ಸುಮಾರು 5 ಸೆಂಟಿಮೀಟರ್ ಆಯಿತು. ಅದರಲ್ಲಿ 1708 ಎಂಬ ಗಾಜಿನ ನಾರಿನ ದಪ್ಪ ಬಟ್ಟೆ ನಾಲ್ಕು ಪದರ. ಅಗಲದ ಪಟ್ಟಿ ಮೊದಲು, ಕಿರಿದು ಆಮೇಲೆ. ಹಾಗೆ ಹಾಕಿದರೆ ಮೇಲೆ ಉಜ್ಜುವಾಗ ಅಗಲದ ಪಟ್ಟಿಗೆ ಏಟು ಬೀಳುವುದಿಲ್ಲ. ಗಟ್ಟಿಯಾದ ಮೇಲೆ ಮೇಣದಂಥ ಜಿಡ್ಡು ಮೇಲೆ ಬರುತ್ತದೆ. ಅದನ್ನು ಮೊದಲು ನೀರಿನಲ್ಲಿ ತೊಳೆದು ಆಮೇಲೆ ಸ್ಯಾಂಡ್‌ಪೇಪರ್ ಹಿಡಿಯಿರಿ. ಇಲ್ಲದಿದ್ದರೆ ಜಿಡ್ಡನ್ನೇ ಒಳಗೆ ಉಜ್ಜಿದಂತೆ, ಬಣ್ಣ ಕೂರುವುದಿಲ್ಲ.

ಮಟ್ಟ ಮಾಡುವುದು, ಪ್ರೈಮರ್, ಬಣ್ಣ ಇವೆಲ್ಲ ತಾಳ್ಮೆಯ ಕೆಲಸ, ಹೇಳಲು ಹೆಚ್ಚಿಲ್ಲ. ಒಂದೇ ಮಾತು: ಇಲ್ಲಿ ಏಪ್ರಿಲ್ ಕೊನೆಯಿಂದ ಓಕ್, ಪೈನ್ ಮರಗಳ ಹಳದಿ ಪರಾಗ ಬೀಳುತ್ತದೆ. ಹಸಿ ಬಣ್ಣದ ಮೇಲೆ ಅರಿಶಿನ ಚೆಲ್ಲಿದ ಹಾಗೆ ಕೂರುತ್ತದೆ. ಒಂದು ಕೋಟ್ ಹಾಗೆ ಹೋಯಿತು. ಮೇ ಮೂರನೇ ವಾರ ಮಳೆ ಬಂದು ಗಾಳಿ ತೊಳೆದ ಮರುದಿನ ಮತ್ತೆ ಹಾಕಿದೆ. ಕಾಲು ಜಾರದಿರಲು ಮೇಲೆ ಕಿವಿಗ್ರಿಪ್ ಎಂಬ ತರಿತರಿ ಬಣ್ಣವನ್ನು ರೋಲರ್‌ನಲ್ಲಿ ಎಳೆದೆ.

ನನ್ನ ಪ್ರಕಾರ ರಿಪೇರಿಯ ಮುಖ್ಯ ಕೆಲಸ ಶುರುವಾದದ್ದೇ ಇಲ್ಲಿ. ಡೆಕ್ ಮೇಲೆ ಎಷ್ಟು ತೂತು ಇದೆ ಅಂತ ಎಣಿಸಿದೆ. ಸ್ಟ್ಯಾಂಚನ್, ಕ್ಲೀಟ್, ಟ್ರ್ಯಾಕ್, ಕೈಹಿಡಿ, ಎಲ್ಲ ಸೇರಿ 112. ಹೊಸ ತುಂಡಿನಲ್ಲಿ ಜಿ10 ಇದೆ, ಅದರ ಚಿಂತೆ ಇಲ್ಲ. ಉಳಿದವುಗಳಲ್ಲಿ ಬೋಲ್ಟ್ ನೇರವಾಗಿ ಹಳೆಯ ಬಾಲ್ಸಾ ಮುಟ್ಟುತ್ತಿತ್ತು. ಒಂದೊಂದನ್ನೂ ಬಿಚ್ಚಿ, ಕಾಲು ಇಂಚಿನ ತೂತನ್ನು ಅರ್ಧ ಇಂಚಿಗೆ ಹಿಗ್ಗಿಸಿ, ಕೆಳಗೆ ಟೇಪ್ ಅಂಟಿಸಿ, ಮೊದಲು ತೆಳು ಎಪಾಕ್ಸಿ ಕುಡಿಸಿ, ಆಮೇಲೆ ಸಿಲಿಕಾ ಕಲಸಿದ್ದನ್ನು ತುಂಬಿದೆ. ಗಟ್ಟಿಯಾದ ಮೇಲೆ ನಡುವೆ ಮತ್ತೆ ಕಾಲು ಇಂಚು ಕೊರೆದೆ. ಈಗ ಬೋಲ್ಟ್ ಸುತ್ತ ಎಪಾಕ್ಸಿಯ ಕೊಳವೆ ಇದೆ. ಅಂಟು ಸೋತು ನೀರು ಬಂದರೂ ಅದು ಕ್ಯಾಬಿನ್ ಒಳಗೆ ತೊಟ್ಟಿಕ್ಕುತ್ತದೆ, ಮರಕ್ಕೆ ಹೋಗುವುದಿಲ್ಲ. ತೊಟ್ಟಿಕ್ಕಿದರೆ ನಮಗೆ ಕಾಣುತ್ತದೆ. ಮರದೊಳಗೆ ಹೋದರೆ ಹತ್ತು ವರ್ಷ ಗೊತ್ತಾಗುವುದಿಲ್ಲ.

ಸೀಲ್ ಮಾಡಲು ಬ್ಯುಟೈಲ್ ಟೇಪ್, ಅಂದರೆ ರಬ್ಬರಿನಂಥ ಮೆತ್ತನೆಯ ಅಂಟುಪಟ್ಟಿ. ಸಿಲಿಕೋನ್ ಬೇಡವೇ ಬೇಡ, ಅದು ಬಿಟ್ಟ ಜಾಗದಲ್ಲಿ ಮುಂದೆ ಬಣ್ಣವೂ ಹಿಡಿಯುವುದಿಲ್ಲ, ಬೇರೆ ಅಂಟೂ ಹಿಡಿಯುವುದಿಲ್ಲ. ತೂತಿನ ಬಾಯಿಯನ್ನು ಸ್ವಲ್ಪ ಅಗಲಿಸಿ, ಬ್ಯುಟೈಲನ್ನು ಚಕ್ಕುಲಿ ಎಳೆಯಷ್ಟು ಹೊಸೆದು ಬೋಲ್ಟ್ ಕುತ್ತಿಗೆಗೆ ಸುತ್ತಿ ಕೂರಿಸಿದೆ. ಬಿಗಿಯುವಾಗ ಮೇಲೆ ಬೋಲ್ಟ್ ತಿರುಗಬಾರದು, ತಿರುಗಿದರೆ ಸೀಲ್ ಹರಿಯುತ್ತದೆ. ಮೇಲೆ ಒಬ್ಬರು ಸ್ಕ್ರೂಡ್ರೈವರ್ ಹಿಡಿದು ಕೂರಬೇಕು, ಕೆಳಗೆ ಒಬ್ಬರು ನಟ್ ತಿರುಗಿಸಬೇಕು. ಮಗಳು ಎರಡು ಶನಿವಾರ ಮೇಲೆ ಕೂತಳು. ಒಂದೇ ದಿನ ಪೂರ್ತಿ ಬಿಗಿಯಲಿಲ್ಲ. ಮೂರು ದಿನ ಸ್ವಲ್ಪ ಸ್ವಲ್ಪವಾಗಿ ಬಿಗಿದಾಗ ಬ್ಯುಟೈಲ್ ನಿಧಾನ ಹಿಂಡಿ ಹೊರಗೆ ಬಂತು.

ಖರ್ಚು ಸಾಮಾನಿಗೆ ಸುಮಾರು 800 ಡಾಲರ್, ಯಾರ್ಡ್ ಬಾಡಿಗೆ ಬೇರೆ. ಜೂನ್ ಎರಡನೇ ವಾರ ದೋಣಿ ನೀರಿಗೆ ಇಳಿಯಿತು. ಇಳಿಸುವ ಮುಂಚೆ ಪ್ರತಿ ನಟ್ ಕೆಳಗೂ ಒಂದೊಂದು ತುಂಡು ಟಿಶ್ಯೂ ಅಂಟಿಸಿ, ಒಂದು ಗಂಟೆ ಡೆಕ್ ಮೇಲೆ ಹೋಸ್ ಬಿಟ್ಟೆ. ಮೂರು ಕಡೆ ಒದ್ದೆಯಾಯಿತು. ಮೂರನ್ನೂ ಬಿಚ್ಚಿ ಮತ್ತೆ ಕೂರಿಸಿದೆ. ಜುಲೈನಲ್ಲಿ ಕೊಲ್ಲಿಯ ಮೇಲೆ ಗುಡುಗು ಮಳೆ ಎರಡು ರಾತ್ರಿ ಹೊಡೆಯಿತು. ಮರುದಿನ ಟಾರ್ಚ್ ಹಿಡಿದು ಟಿಶ್ಯೂ ಒಂದೊಂದನ್ನೂ ಮುಟ್ಟಿ ನೋಡಿದೆ, ಎಲ್ಲ ಒಣಗಿದ್ದವು. ಎಡಗಡೆ ಹಿಂದಿನ ಕ್ಲೀಟ್ ಪಕ್ಕ ಅಂಗೈ ಅಗಲದ ಒಂದು ಜಾಗ ಮಾತ್ರ ಇನ್ನೂ ದಬ್ ಎನ್ನುತ್ತದೆ. ಅದರ ಸುತ್ತ ನೀಲಿ ಟೇಪ್ ಹಾಗೇ ಬಿಟ್ಟಿದ್ದೇನೆ. ಅಕ್ಟೋಬರಿನಲ್ಲಿ ದೋಣಿ ಮೇಲೆ ಬಂದ ಕೂಡಲೇ ಅಲ್ಲಿ ಕೊಯ್ಯಬೇಕು.